ಎರಡು ವಾಕ್ಯಗಳಲ್ಲಿ ಮುಗಿಯದ ಮೂವತ್ತೊಂಬತ್ತು ವರ್ಷ

ಮಾನ್ಯ ಸಂಪಾದಕರಿಗೆ,

ವಂದನೆಗಳು.

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಕಾದಂಬರಿಕಾರ ಆರ್.ಕೆ. ನಾರಾಯಣ್ ಅವರನ್ನು ಕುರಿತು ಪ್ರಕಟವಾದ ಪೂರ್ಣಪುಟದ ಲೇಖನವನ್ನು ಸಂತೋಷದಿಂದ ಓದಿದೆ. ಮೈಸೂರಿನ ಯಾದವಗಿರಿಯಲ್ಲಿರುವ ಅವರ ಮನೆ ಉರುಳುವ ಹಂತಕ್ಕೆ ಬಂದು ಉಳಿದುಕೊಂಡ ಕಥೆ, ಆಗುಂಬೆಯಲ್ಲಿ ಶಂಕರ್‌ನಾಗ್ ಚಿತ್ರಿಸಿದ ಧಾರಾವಾಹಿ, ಕಿರಿಯ ಸಹೋದರ ಆರ್.ಕೆ. ಲಕ್ಷ್ಮಣರ ಚಿತ್ರಗಳು, 1960ರಲ್ಲಿ ‘ದಿ ಗೈಡ್’ ಕಾದಂಬರಿಗೆ ಸಂದ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ಇವೆಲ್ಲವೂ ಲೇಖನದಲ್ಲಿ ಅಚ್ಚುಕಟ್ಟಾಗಿ ಬಂದಿವೆ. ಆದರೆ ಅವರ ಬಾಲ್ಯ ಮತ್ತು ಯೌವನಕ್ಕೆ ಅಲ್ಲಿ ದೊರೆತದ್ದು ಎರಡೇ ವಾಕ್ಯ. ಮದರಾಸಿನಲ್ಲಿ ಅಜ್ಜಿಯ ಮನೆಯಲ್ಲಿ ಬೆಳೆದರು ಎಂಬುದು ಒಂದು. ಕಾಲೇಜು ಪ್ರವೇಶದ ಪರೀಕ್ಷೆಯಲ್ಲಿ ನಪಾಸಾಗಿಯೂ ದೊಡ್ಡ ಲೇಖಕರಾದರು ಎಂಬುದು ಇನ್ನೊಂದು. ಈ ಎರಡು ವಾಕ್ಯಗಳು ಸುಳ್ಳಲ್ಲ. ಆದರೆ ಒಬ್ಬ ಕಾದಂಬರಿಕಾರ ರೂಪುಗೊಂಡ ಅವಧಿಯನ್ನು ಹೀಗೆ ಎರಡು ಸ್ವಾರಸ್ಯಗಳಾಗಿ ಕಟ್ಟಿಟ್ಟುಬಿಡುವ ಅಭ್ಯಾಸ ನಮ್ಮ ಪತ್ರಿಕೆಗಳಲ್ಲಿಯೂ ಪಠ್ಯಪುಸ್ತಕಗಳಲ್ಲಿಯೂ ಬೇರೂರಿರುವುದರಿಂದ, ಅದರ ಬಗ್ಗೆ ಸ್ವಲ್ಪ ದೀರ್ಘವಾಗಿಯೇ ಬರೆಯಲು ತಮ್ಮ ಅನುಮತಿ ಕೋರುತ್ತೇನೆ.

ಈ ಅವಧಿಯನ್ನೇ ವಿಷಯವಾಗಿಟ್ಟುಕೊಂಡ ಒಂದು ಜೀವನಚರಿತ್ರೆ ಇದೆ. ಸೂಸನ್ ರಾಮ್ ಮತ್ತು ಎನ್. ರಾಮ್ ಇಬ್ಬರೂ ಸೇರಿ ಬರೆದ ‘ಆರ್.ಕೆ. ನಾರಾಯಣ್: ದಿ ಅರ್ಲಿ ಇಯರ್ಸ್’ 1996ರಲ್ಲಿ ವೈಕಿಂಗ್ ಪ್ರಕಾಶನದಿಂದ ಹೊರಬಂತು. 1906ರಲ್ಲಿ ನಾರಾಯಣ್ ಹುಟ್ಟಿದಂದಿನಿಂದ 1945ರಲ್ಲಿ ‘ದಿ ಇಂಗ್ಲಿಷ್ ಟೀಚರ್’ ಪ್ರಕಟವಾಗುವವರೆಗಿನ ಕಾಲ ಮಾತ್ರ ಅದರ ವ್ಯಾಪ್ತಿ. ಪ್ರಶಸ್ತಿ, ವಿದೇಶ ಪ್ರವಾಸ, ಸಿನಿಮಾ, ರಾಜ್ಯಸಭೆಯ ಸದಸ್ಯತ್ವ ಮುಂತಾಗಿ ನಮಗೆ ಪರಿಚಿತವಾದ ನಾರಾಯಣ್ ಆ ಪುಟಗಳ ನಂತರ ಬರುವವರು. ಪುಸ್ತಕ ಹೊರಬಂದಾಗ ಅವರಿಗೆ ತೊಂಬತ್ತು ವರ್ಷವಾಗಿತ್ತು. 2001ರ ಮೇ ತಿಂಗಳಲ್ಲಿ ಚೆನ್ನೈಯಲ್ಲಿ ತೀರಿಕೊಂಡರು. ಇನ್ನು ಏಳೆಂಟು ವರ್ಷ ತಡವಾಗಿದ್ದರೆ ಅವರನ್ನೇ ಎದುರು ಕೂರಿಸಿಕೊಂಡು ಕೇಳುವ ಅವಕಾಶ ಯಾರಿಗೂ ಇರುತ್ತಿರಲಿಲ್ಲ. ಒಂದು ಜೀವನಚರಿತ್ರೆಯ ಬೆಲೆಯನ್ನು ಅಳೆಯುವಾಗ ಅದು ಯಾವಾಗ ಬರೆಯಲ್ಪಟ್ಟಿತು ಎಂಬುದನ್ನೂ ನೋಡಬೇಕು ಎಂದು ನಾನು ನಂಬಿದ್ದೇನೆ.

ನಾರಾಯಣರೇ ‘ಮೈ ಡೇಸ್’ ಎಂಬ ಆತ್ಮಕಥೆಯನ್ನು ಬರೆದಿರುವಾಗ ಇನ್ನೊಬ್ಬರು ಅದೇ ಕಾಲವನ್ನು ಕುರಿತು ಬರೆಯುವ ಅಗತ್ಯವೇನು ಎಂದು ಯಾರಾದರೂ ಕೇಳಬಹುದು. ನಾನೂ ಬಹಳ ವರ್ಷ ಹಾಗೆಯೇ ಎಣಿಸಿದ್ದೆ. ‘ಮೈ ಡೇಸ್’ 1974ರಲ್ಲಿ ಪ್ರಕಟವಾಯಿತು. ಅಷ್ಟು ಹೊತ್ತಿಗೆ ಅವರು ನಾಲ್ಕು ದಶಕಗಳಿಂದ ಕಥೆ ಹೇಳುತ್ತ ಬಂದವರು. ಯಾವುದನ್ನು ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಿದರೆ ಓದುಗ ನಗುತ್ತಾನೆ ಎಂಬ ಹದವನ್ನು ಅರಿತವರು. ಆ ಪುಸ್ತಕ ಮದರಾಸಿನ ಪುರಸವಾಕ್ಕದ ಅಂಗಳದಲ್ಲಿ ಒಂದು ನವಿಲು, ಒಂದು ಕೋತಿ ಮತ್ತು ಒಬ್ಬ ಒಂಟಿ ಹುಡುಗನೊಂದಿಗೆ ತೆರೆದುಕೊಳ್ಳುತ್ತದೆ. ಅದೊಂದು ಸೊಗಸಾದ ಆರಂಭ. ಆದರೆ ಹೆತ್ತ ತಾಯಿ ತಂದೆ ಮೈಸೂರು ಸಂಸ್ಥಾನದ ಯಾವುದೋ ಊರಿನಲ್ಲಿರುವಾಗ, ಒಡಹುಟ್ಟಿದವರು ಅಲ್ಲಿಯೇ ಒಟ್ಟಿಗೆ ಬೆಳೆಯುತ್ತಿರುವಾಗ, ತಾನೊಬ್ಬ ಮಾತ್ರ ಮದರಾಸಿನಲ್ಲಿ ನವಿಲಿನ ಜೊತೆ ಆಡಿಕೊಂಡಿದ್ದ ಮಗುವಿನ ಮನಸ್ಸಿನಲ್ಲಿ ಏನಿದ್ದೀತು ಎಂಬುದನ್ನು ಆ ಹಾಸ್ಯ ಹೇಳುವಷ್ಟೇ ಮುಚ್ಚಿಯೂ ಇಡುತ್ತದೆ. ಆತ್ಮಕಥೆಯ ಲೇಖಕನಿಗೆ ಮುಚ್ಚಿಡುವ ಹಕ್ಕಿದೆ. ಮುಚ್ಚಿರುವ ಕಡೆ ಬೆರಳಿಟ್ಟು ನೋಡುವುದು ಜೀವನಚರಿತ್ರೆಕಾರನ ಹೊಣೆ.

ಅಜ್ಜಿಯ ವಿಷಯವನ್ನೇ ತೆಗೆದುಕೊಳ್ಳೋಣ. ನಾವೆಲ್ಲ ‘ಅಜ್ಜಿ’ ಎಂದು ಬರೆದು ಮುಂದೆ ಸಾಗುತ್ತೇವೆ. ಅಮ್ಮಣಿ ಎಂದು ಕರೆಯುತ್ತಿದ್ದ ಆ ಪಾರ್ವತಿ ಮೊಮ್ಮಗನಿಗೆ ತಮಿಳು ಅಕ್ಷರ ತಿದ್ದಿಸಿದರು, ಮಗ್ಗಿ ಹೇಳಿಸಿದರು, ಸಂಸ್ಕೃತ ಶ್ಲೋಕ ಕಲಿಸಿದರು, ರಾಗಗಳನ್ನು ಕೇಳಿ ಗುರುತಿಸುವ ಕಿವಿಯನ್ನು ಕೊಟ್ಟರು. ಅಕ್ಕಪಕ್ಕದವರು ಮದುವೆ ಸಂಬಂಧ ಕುದುರಿಸಲು, ಚೇಳು ಕಡಿದರೆ ಔಷಧ ಕೇಳಲು ಅವರ ಮನೆಗೆ ಬರುತ್ತಿದ್ದರು. ಹೀಗೆ ಇಡೀ ಬೀದಿಯ ಸುಖದುಃಖ ಜಗಲಿಗೆ ಬಂದು ಹೋಗುವ ಮನೆಯಲ್ಲಿ, ಮಾತಾಡುವವರ ನಡುವೆ ಕೂತು ಮಾತಾಡದೆ ಕೇಳಿಸಿಕೊಳ್ಳುವುದನ್ನು ಆ ಹುಡುಗ ಕಲಿತ. ನಾರಾಯಣ್ ಕಲ್ಪಿಸಿದ ಊರು ಮಾಲ್ಗುಡಿಯ ಕಥೆಗಳನ್ನು ಓದುವಾಗ ನನಗೆ ಅನಿಸುವುದೇನೆಂದರೆ, ಅಲ್ಲಿನ ನಿರೂಪಕ ಯಾರನ್ನೂ ತಡೆದು ಕೇಳುವುದಿಲ್ಲ, ಯಾರಿಗೂ ಬುದ್ಧಿ ಹೇಳುವುದಿಲ್ಲ. ಜಗಲಿಯ ಮೂಲೆಯಲ್ಲಿ ಕುಳಿತ ಹುಡುಗನ ಹಾಗೆ ಎಲ್ಲರ ಮಾತನ್ನೂ ಕೇಳಿಸಿಕೊಳ್ಳುತ್ತಾನೆ. ಮನೆಯಲ್ಲಿ ಈ ಶಿಕ್ಷಣ ನಡೆಯುತ್ತಿದ್ದಾಗ ಹೊರಗೆ ಲುಥೆರನ್ ಮಿಷನ್ ಶಾಲೆಯಲ್ಲಿ ಧರ್ಮಬೋಧನೆಯ ಮೇಷ್ಟ್ರು ಹಿಂದೂ ದೇವತೆಗಳನ್ನು ಹೀಯಾಳಿಸುತ್ತಿದ್ದರು. ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯ ಮೊದಲ ಅಧ್ಯಾಯದಲ್ಲೇ ಎಬೆನೆಜರ್ ಮೇಷ್ಟ್ರು ಬರುವುದು ಈ ನೆನಪಿನಿಂದ. ಪುರಸವಾಕ್ಕದ ಶಾಲೆ ಮಾಲ್ಗುಡಿಗೆ ಬಂದು ಆಲ್ಬರ್ಟ್ ಮಿಷನ್ ಶಾಲೆಯಾಯಿತು.

ತಂದೆ ಆರ್.ವಿ. ಕೃಷ್ಣಸ್ವಾಮಿ ಅಯ್ಯರ್ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯಲ್ಲಿ ಹೆಡ್‌ಮಾಸ್ಟರರಾಗಿದ್ದರು. ಚನ್ನಪಟ್ಟಣ, ಹಾಸನ, ಕೊನೆಗೆ ಮೈಸೂರಿನ ಮಹಾರಾಜಾ ಕೊಲಿಜಿಯೇಟ್ ಹೈಸ್ಕೂಲು ಹೀಗೆ ಅವರ ವರ್ಗಾವಣೆಗಳು. ರಜೆ ಬಂದಾಗ ಹುಡುಗ ಮದರಾಸಿನಿಂದ ರೈಲು ಹತ್ತಿ ಈ ಊರುಗಳಿಗೆ ಬರುತ್ತಿದ್ದ. ಬೆಂಗಳೂರು–ಮೈಸೂರು ದಾರಿಯಲ್ಲಿ ಚನ್ನಪಟ್ಟಣದಂತಹ ಸಣ್ಣ ನಿಲ್ದಾಣದಲ್ಲಿ ಇಳಿದು, ಅಪರೂಪಕ್ಕೆ ಕಾಣುವ ತಾಯಿ ತಂದೆಯ ಮನೆಯ ಕಡೆ ನಡೆಯುವ ಮಗುವಿಗೆ ರೈಲು ನಿಲ್ದಾಣ ಎಂದರೆ ಏನಾಗಿದ್ದಿರಬೇಕು! ಮುಂದೆ ಮಾಲ್ಗುಡಿ ಎಂಬ ಊರು ಮೊದಲು ರೈಲು ನಿಲ್ದಾಣದ ರೂಪದಲ್ಲೇ ಮನಸ್ಸಿಗೆ ಬಂದದ್ದಕ್ಕೂ ಇದಕ್ಕೂ ಸಂಬಂಧವಿದೆ ಎಂಬುದು ನನ್ನ ಸ್ವಂತ ಊಹೆ. ಊಹೆ ಎಂದೇ ಇಲ್ಲಿ ಬರೆದಿದ್ದೇನೆ.

ಈಗ ನಪಾಸಿನ ವಿಷಯ. ತಮ್ಮ ಲೇಖನದಲ್ಲಿ ಅದು ದಾಟಿಬಂದ ಅಡ್ಡಿಯ ಹಾಗೆ ಕಾಣಿಸುತ್ತದೆ. ವಾಸ್ತವದಲ್ಲಿ ನಾರಾಯಣರ ಓದು ಆರಂಭವಾದದ್ದೇ ಆ ನಪಾಸಿನಿಂದ. ಪರೀಕ್ಷೆ ಕೈಕೊಟ್ಟು ಮನೆಯಲ್ಲಿ ಕುಳಿತ ಆ ಒಂದು ವರ್ಷ ಅವರಿಗೆ ಬೇರೆ ಕೆಲಸವಿರಲಿಲ್ಲ. ತಂದೆಯ ಶಾಲೆಯ ಗ್ರಂಥಾಲಯದ ಬಾಗಿಲು ತೆರೆದಿತ್ತು. ಇಂಗ್ಲೆಂಡ್, ಅಮೆರಿಕಗಳ ಸಾಹಿತ್ಯ ಪತ್ರಿಕೆಗಳು ಆ ಶಾಲೆಗೆ ತಪ್ಪದೆ ಬರುತ್ತಿದ್ದವು. ಸ್ಕಾಟ್, ಡಿಕನ್ಸ್, ಹಾರ್ಡಿ, ಟಾಲ್‌ಸ್ಟಾಯ್‌ರಿಂದ ಹಿಡಿದು ಕಣ್ಣೀರು ತರಿಸುವ ಜನಪ್ರಿಯ ಕಾದಂಬರಿಗಳವರೆಗೆ ಸಿಕ್ಕಿದ್ದನ್ನೆಲ್ಲ ಓದಿದರು. ಬೆಳಿಗ್ಗೆ ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಕವಿತೆಯ ಪುಸ್ತಕ ಹಿಡಿದು ಅಲೆದರು. ಹೆಡ್‌ಮಾಸ್ಟರರ ಮಗ ಪರೀಕ್ಷೆಯಲ್ಲಿ ಬಿದ್ದ ಎಂಬ ಮಾತು ಆ ಕಾಲದ ಮೈಸೂರಿನಂತಹ ಊರಿನಲ್ಲಿ ಎಷ್ಟು ಬೇಗ ಹಬ್ಬಿರಬೇಡ! ಅಂಥ ಮಗನನ್ನು ತನ್ನ ಗ್ರಂಥಾಲಯದೊಳಕ್ಕೆ ಬಿಟ್ಟ ತಂದೆಯ ಬಗ್ಗೆ ನಮ್ಮ ಲೇಖನಗಳಲ್ಲಿ ಒಂದು ಸಾಲೂ ಇರುವುದಿಲ್ಲ. ನಾನು ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದವನು. ನಪಾಸಾದ ಮಕ್ಕಳಿಗೆ ಆ ವರ್ಷ ನಾವು ಏನನ್ನು ಕೊಟ್ಟೆವು ಎಂದು ನೆನೆದಾಗ ನನಗೆ ಸಂಕಟವಾಗುತ್ತದೆ.

1926ರಲ್ಲಿ ಪರೀಕ್ಷೆ ದಾಟಿ ಮಹಾರಾಜ ಕಾಲೇಜಿಗೆ ಸೇರಿದ ನಾರಾಯಣ್ 1930ರಲ್ಲಿ ಬಿ.ಎ. ಪದವಿ ಪಡೆದರು. ತಂದೆಯ ಪರಿಚಯದ ಬಲದಿಂದ ಚನ್ನಪಟ್ಟಣದ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರ ಕೆಲಸ ಸಿಕ್ಕಿತು; ಕೆಲವೇ ದಿನಗಳಲ್ಲಿ ಬಿಟ್ಟು ಬಂದರು. ಬರೆದೇ ಬದುಕುತ್ತೇನೆ ಎಂದು ನಿರ್ಧರಿಸಿದರು. ಅದೇ 1930ರಲ್ಲಿ, ಬೆಂಗಳೂರಿನಲ್ಲಿ, ಅಜ್ಜಿ ನೋಡಿಕೊಟ್ಟ ಶುಭದಿನದಂದು ಒಂದು ನೋಟ್‌ಬುಕ್ ಕೊಂಡು ತಂದು ತಮ್ಮ ಮೊದಲ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ನ ಮೊದಲ ಸಾಲು ಬರೆದರು. ಏನು ಬರೆಯುವುದೆಂದು ಲೇಖನಿ ಕಚ್ಚುತ್ತ ಕುಳಿತಿದ್ದಾಗ ಮಾಲ್ಗುಡಿ ತನ್ನ ಪುಟ್ಟ ರೈಲು ನಿಲ್ದಾಣದ ಸಮೇತ ಕಣ್ಣ ಮುಂದೆ ತೇಲಿ ಬಂತು ಎಂದು ಅವರೇ ಹೇಳಿಕೊಂಡಿದ್ದಾರೆ. ಮಲ್ಲೇಶ್ವರದ ‘ಮಲ್’ ಮತ್ತು ಬಸವನಗುಡಿಯ ‘ಗುಡಿ’ ಸೇರಿ ಮಾಲ್ಗುಡಿ ಆಯಿತು ಎಂಬ ಮಾತನ್ನು ತಮ್ಮ ಲೇಖನ ಖಚಿತ ಸಂಗತಿಯಂತೆ ಮುದ್ರಿಸಿದೆ. ಕೇಳಲು ಹಿತವಾದ ಈ ಮಾತಿಗೆ ಆಧಾರವನ್ನು ನಾನು ಎಲ್ಲಿಯೂ ಕಂಡಿಲ್ಲ.

ಇಲ್ಲಿ ಒಂದು ಸಣ್ಣ ಸಂಗತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಆ ಶುಭದಿನ ಸೆಪ್ಟೆಂಬರ್ ತಿಂಗಳಿನದು ಎಂದು ‘ಮೈ ಡೇಸ್’ ಹೇಳುತ್ತದೆ. ಅದು ವಿಜಯದಶಮಿ ಎಂದು ಅನೇಕರು ಬರೆಯುತ್ತಾರೆ. ತಮ್ಮ ಲೇಖನದಲ್ಲಿಯೂ ಹಾಗೆಯೇ ಇದೆ. ಆದರೆ 1930ರಲ್ಲಿ ವಿಜಯದಶಮಿ ಬಿದ್ದದ್ದು ಅಕ್ಟೋಬರ್ ಮೊದಲ ವಾರದಲ್ಲಿ. ಅಂದರೆ ದಿನ ವಿಜಯದಶಮಿಯಾಗಿದ್ದರೆ ತಿಂಗಳು ತಪ್ಪು, ತಿಂಗಳು ಸರಿಯಿದ್ದರೆ ಹಬ್ಬ ತಪ್ಪು. ಒಂದು ವಾರದ ವ್ಯತ್ಯಾಸದಿಂದ ಕಾದಂಬರಿಯ ಗುಣವೇನೂ ಕುಂದುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೂ ನಾಲ್ಕು ದಶಕಗಳ ನಂತರ ನೆನಪಿನಿಂದ ಬರೆಯುವಾಗ ಎಂಥವರಿಗೂ ದಿನ, ತಿಂಗಳು ಹೇಗೆ ಒಂದರೊಳಗೊಂದು ಕರಗುತ್ತವೆ ಎಂಬುದಕ್ಕೆ ಇದು ಕೈಗೆ ಸಿಗುವ ಉದಾಹರಣೆ. ಪಂಚಾಂಗವನ್ನು ಪಕ್ಕದಲ್ಲಿಟ್ಟುಕೊಂಡು ಆತ್ಮಕಥೆಯನ್ನು ಓದುವ ಒಬ್ಬ ವ್ಯಕ್ತಿ ಬೇಕಾಗುತ್ತಾನೆ, ಮತ್ತು ಅವನಿಗೆ ಲೇಖಕನ ಮೇಲೆ ಪ್ರೀತಿ ಇದ್ದಾಗ ಮಾತ್ರ ಆ ಕೆಲಸ ಚೆನ್ನಾಗಿ ಆಗುತ್ತದೆ.

ಇನ್ನೊಂದು ದಿನಾಂಕವನ್ನೂ ಇದರ ಜೊತೆಗಿಟ್ಟು ನೋಡಬಹುದು. ‘ಸ್ವಾಮಿ ಅಂಡ್ ಫ್ರೆಂಡ್ಸ್’ ಒಳಗೆ ಮಾಲ್ಗುಡಿಯ ಸರಯೂ ನದಿಯ ದಂಡೆಯ ಮೇಲೆ ನಡೆಯುವ ಪ್ರತಿಭಟನಾ ಸಭೆಗೆ ನಾರಾಯಣ್ ಕೊಟ್ಟ ದಿನಾಂಕ 1930ರ ಆಗಸ್ಟ್ 15. ಉಪ್ಪಿನ ಸತ್ಯಾಗ್ರಹ ನಡೆದ ವರ್ಷ ಅದು. ಸ್ವಾತಂತ್ರ್ಯ ದಿನವನ್ನು ನೆನೆದು ನಾವು ಇಂದು ಆ ದಿನಾಂಕಕ್ಕೆ ಬೆರಗಾಗುತ್ತೇವೆ, ಅದು ಕೇವಲ ಆಕಸ್ಮಿಕ. ನನಗೆ ಮುಖ್ಯವಾಗಿ ಕಾಣುವುದು ಬೇರೆ: ಬರೆಯಲು ಕುಳಿತದ್ದಕ್ಕಿಂತ ಕೇವಲ ಒಂದೆರಡು ತಿಂಗಳ ಹಿಂದಿನ ದಿನವನ್ನೇ ಅವರು ಕಾದಂಬರಿಯೊಳಗೆ ಇಟ್ಟರು. ಮಾಲ್ಗುಡಿ ಕಾಲವಿಲ್ಲದ ಊರು, ರಾಜಕೀಯ ಸೋಕದ ಊರು ಎಂದು ಹೇಳುವವರು ಈ ದಿನಾಂಕದ ಎದುರು ಸ್ವಲ್ಪ ನಿಲ್ಲಬೇಕು.

1930ರಿಂದ 1935ರವರೆಗಿನ ಅವಧಿ ನನ್ನ ದೃಷ್ಟಿಯಲ್ಲಿ ಅವರ ಬದುಕಿನ ಅತ್ಯಂತ ದಿಟ್ಟ ಅವಧಿ. ಬರವಣಿಗೆಯಿಂದ ಬಂದ ಮೊದಲ ವರ್ಷದ ಸಂಪಾದನೆ ಒಂಬತ್ತು ರೂಪಾಯಿ ಹನ್ನೆರಡು ಆಣೆ. ಹದಿನೇಳನೆಯ ಶತಮಾನದ ಇಂಗ್ಲೆಂಡಿನ ಸಾಗರ ಕಾನೂನುಗಳನ್ನು ಕುರಿತ ಪುಸ್ತಕವೊಂದರ ವಿಮರ್ಶೆಗೆ ಬಂದ ಹಣ ಅದು. 1933ರಲ್ಲಿ ಅಕ್ಕನನ್ನು ಕರೆದುಕೊಂಡು ಕೊಯಮತ್ತೂರಿಗೆ ಹೋದಾಗ ಬೀದಿ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದ ರಾಜಂ ಎಂಬ ಹುಡುಗಿಯನ್ನು ಕಂಡು ಮನಸೋತರು. ಹಿರಿಯರ ಮೂಲಕ ಹೋಗಬೇಕೆಂಬ ವಾಡಿಕೆಯನ್ನು ಬಿಟ್ಟು ತಾವೇ ಹುಡುಗಿಯ ತಂದೆಯ ಮುಂದೆ ನಿಂತು ಕೇಳಿದರು. ಜಾತಕ ಕೂಡಲಿಲ್ಲ, ವರನ ಜಾತಕದ ಏಳನೆಯ ಮನೆಯಲ್ಲಿ ಕುಜನಿದ್ದ. ಆದರೂ 1934ರಲ್ಲಿ ಮದುವೆ ನಡೆಯಿತು.

ಸಂಸಾರ ನಡೆಸಲು ನಾರಾಯಣ್ ಮದರಾಸಿನ ‘ಜಸ್ಟಿಸ್’ ಪತ್ರಿಕೆಗೆ ಮೈಸೂರಿನ ವರದಿಗಾರರಾದರು. ಬ್ರಾಹ್ಮಣೇತರ ಚಳವಳಿಯ ಮುಖವಾಣಿಯಾಗಿದ್ದ ಪತ್ರಿಕೆಗೆ ಲಕ್ಷ್ಮೀಪುರದ ಅಯ್ಯರ್ ಮನೆಯ ಯುವಕ ಸುದ್ದಿ ಕಳಿಸುತ್ತಿದ್ದ ಎಂಬ ಸಂಗತಿಯನ್ನು ನಾವು ಎಷ್ಟು ಹಗುರವಾಗಿ ದಾಟಿಹೋಗುತ್ತೇವೆ! ಬೆಳಿಗ್ಗೆ ಮನೆ ಬಿಟ್ಟರೆ ಪೇಟೆಬೀದಿ, ಕೋರ್ಟು, ಪೊಲೀಸ್ ಠಾಣೆ, ಪುರಸಭೆ ಎಲ್ಲವನ್ನೂ ಸುತ್ತಿ, ಮಧ್ಯಾಹ್ನ ಮನೆಗೆ ಬಂದು ವರದಿ ಬರೆದು, ಟಪಾಲು ಹೋಗುವ ಮೊದಲು ಚಾಮರಾಜಪುರಂ ಅಂಚೆ ಕಚೇರಿಗೆ ಓಡಬೇಕಾಗಿತ್ತು. ಅಚ್ಚಾದ ಸುದ್ದಿಯ ಉದ್ದ ಅಳೆದು ಸಂಭಾವನೆ. ಮಾಲ್ಗುಡಿಯ ವಕೀಲರು, ಪುರಸಭೆಯ ಸದಸ್ಯರು, ಸಾಲ ಕೊಡುವವರು, ಮೋಸ ಹೋಗುವವರು ಯಾರೂ ಆಕಾಶದಿಂದ ಇಳಿದವರಲ್ಲ. ಈ ನಿತ್ಯದ ಅಲೆದಾಟದಲ್ಲಿ, ಸುದ್ದಿಗಾಗಿ ಕಾಯುತ್ತ ನಿಂತ ಬಾಗಿಲುಗಳ ಹೊರಗೆ ಅವರು ಪರಿಚಯವಾದರು. ಮೈಸೂರಿನ ಇಂದಿನ ಯುವ ವರದಿಗಾರರು ‘ಮೈ ಡೇಸ್’ನ ಈ ಕೆಲವು ಪುಟಗಳನ್ನು ಓದಲೇಬೇಕು.

ಆಕ್ಸ್‌ಫರ್ಡಿನಲ್ಲಿದ್ದ ಗೆಳೆಯ ಕಿಟ್ಟು ಪೂರ್ಣ, ಪ್ರಕಾಶಕರೆಲ್ಲ ತಿರಸ್ಕರಿಸಿದ ಹಸ್ತಪ್ರತಿಯನ್ನು ಥೇಮ್ಸ್ ನದಿಯಲ್ಲಿ ಮುಳುಗಿಸಿಬಿಡು ಎಂಬ ಮಾತಿಗೆ ಕಿವಿಗೊಡದೆ ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್ ಅವರ ಕೈಗೆ ತಲುಪಿಸಿದ್ದು, 1935ರಲ್ಲಿ ಹ್ಯಾಮಿಶ್ ಹ್ಯಾಮಿಲ್ಟನ್ ಸಂಸ್ಥೆ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಪ್ರಕಟಿಸಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಅದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ಆದರೆ ಗ್ರೀನ್ ಒಪ್ಪಿದ ಕೂಡಲೇ ಕಷ್ಟ ತೀರಿತು ಎಂಬ ಭಾವನೆ ಮಾತ್ರ ಸರಿಯಲ್ಲ. ಮೊದಲ ಮೂರು ಕಾದಂಬರಿಗಳಿಗೆ ಮೂವರು ಬೇರೆ ಬೇರೆ ಪ್ರಕಾಶಕರು. ಹೊಗಳಿಕೆ ಬಂತು, ಮಾರಾಟ ಆಗಲಿಲ್ಲ. 1937ರಲ್ಲಿ ತಂದೆ ತೀರಿಕೊಂಡು ಮನೆಯ ಭಾರ ಮಕ್ಕಳ ಮೇಲೆ ಬಿತ್ತು.

ಅನಂತರ ಬಂದದ್ದು 1939. ಮೇ ತಿಂಗಳಲ್ಲಿ ರಾಜಂ ಅವರಿಗೆ ಟೈಫಾಯ್ಡ್ ತಗುಲಿತು. ಜೂನ್ ಮೊದಲ ವಾರದಲ್ಲಿ ತೀರಿಕೊಂಡರು. ಮದುವೆಯಾಗಿ ಐದೇ ವರ್ಷ. ಮಗಳು ಹೇಮಾಗೆ ಮೂರು ವರ್ಷ. 1938ರ ‘ದಿ ಡಾರ್ಕ್ ರೂಮ್’ ನಂತರ ಮುಂದಿನ ಕಾದಂಬರಿ ಬರಲು 1945 ಆಗಬೇಕಾಯಿತು. ಆ ಕಾದಂಬರಿಯೇ ‘ದಿ ಇಂಗ್ಲಿಷ್ ಟೀಚರ್’. ಅದರಲ್ಲಿ ಕಲ್ಪನೆಯ ಭಾಗ ತೀರ ಕಡಿಮೆ ಎಂದು ನಾರಾಯಣರೇ ಹೇಳಿರುವುದರಿಂದ ಓದುಗರು ಅದನ್ನು ಅವರ ಬದುಕಿನ ನೇರ ವರದಿಯೆಂದೇ ಓದುತ್ತಾರೆ. ನಾನೂ ಹಾಗೆ ಓದಿ, ತರಗತಿಯಲ್ಲಿ ಹಾಗೆಯೇ ಪಾಠ ಹೇಳಿದ್ದೇನೆ. ಇಂದು ಆ ಪಾಠವನ್ನು ತಿದ್ದಿಕೊಳ್ಳಬೇಕಾಗಿದೆ. ಕಾದಂಬರಿಯ ಕೃಷ್ಣ ಕಾಲೇಜಿನಲ್ಲಿ ಸಂಬಳದ ಕೆಲಸದಲ್ಲಿರುವವನು. ನಾರಾಯಣ್ ಸಂಬಳವಿಲ್ಲದೆ ಬರೆದು ಬದುಕುತ್ತಿದ್ದವರು. ಕೃಷ್ಣ ಮತ್ತು ಅವನ ಹೆಂಡತಿ ಸುಶೀಲ ಬಾಡಿಗೆ ಮನೆಯಲ್ಲಿ ಮಗುವಿನೊಡನೆ ಬೇರೆ ಸಂಸಾರ ಹೂಡಿರುತ್ತಾರೆ. ನಾರಾಯಣ್ ಮತ್ತು ರಾಜಂ ತಾಯಿ, ಸಹೋದರರು ತುಂಬಿದ್ದ ಕೂಡುಕುಟುಂಬದ ಮನೆಯಲ್ಲಿದ್ದರು. ಕಾದಂಬರಿಯಲ್ಲಿ ಹೊಸ ಮನೆ ನೋಡಲು ಹೋದ ಸುಶೀಲ ಕೊಳಕು ಕಕ್ಕಸಿನೊಳಗೆ ಬಾಗಿಲು ಸಿಕ್ಕಿಕೊಂಡು ಒದ್ದಾಡುತ್ತಾಳೆ, ತುಟಿಯ ಮೇಲೆ ನೊಣ ಕೂತಿತೆಂದು ಅಸಹ್ಯಪಡುತ್ತಾಳೆ, ಜ್ವರ ಬರುತ್ತದೆ.

ಕೂಡುಕುಟುಂಬವನ್ನು ಕಾದಂಬರಿಯಿಂದ ಏಕೆ ತೆಗೆದರು? ನನಗೆ ತೋಚುವ ಉತ್ತರ ಇದು. ಹತ್ತಾರು ಜನರಿರುವ ಮನೆಯಲ್ಲಿ ಸಾವಿನ ದುಃಖಕ್ಕೆ ಏಕಾಂತವಿರುವುದಿಲ್ಲ. ಅಡುಗೆ ಆಗಬೇಕು, ಮಗುವಿಗೆ ತಲೆ ಬಾಚಬೇಕು, ಬಂದವರಿಗೆ ಉತ್ತರ ಹೇಳಬೇಕು. ತಮ್ಮ ನಿಜವಾದ ಮನೆಯಲ್ಲಿ ದೊರೆಯದ ಏಕಾಂತವನ್ನು ನಾರಾಯಣ್ ಆ ಪುಸ್ತಕದೊಳಗೆ ಒಂದು ಬಾಡಿಗೆ ಮನೆಯನ್ನಾಗಿ ಕಟ್ಟಿಕೊಂಡರು. ರಾಜಂ ಜೊತೆ ಇಬ್ಬರೇ ಇರಬಹುದಾಗಿದ್ದ ಮನೆ ಅದೊಂದೇ. ಬದುಕು ಹೇಗಿತ್ತೆಂದು ತಿಳಿದಾಗ ಮಾತ್ರ ಕಾದಂಬರಿಕಾರ ಎಲ್ಲಿ ಬದಲಾಯಿಸಿದ ಎಂಬುದು ಕಾಣುತ್ತದೆ, ಮತ್ತು ಬದಲಾಯಿಸಿದ ಆ ಜಾಗದಲ್ಲಿಯೇ ಅವನ ಕಲೆ ಇರುತ್ತದೆ. ಎಳೆಯ ವರ್ಷಗಳ ಜೀವನಚರಿತ್ರೆ ಬೇಕೆಂದು ನಾನು ಹಟ ಹಿಡಿಯುವುದು ಈ ಕಾರಣಕ್ಕೆ. ಇದನ್ನು ಇಣುಕಿ ನೋಡುವ ಚಪಲ ಎಂದು ಯಾರೂ ತಿಳಿಯಬಾರದೆಂದು ಕೋರುತ್ತೇನೆ.

ಮೈಸೂರಿನ ವಿಷಯದಲ್ಲಿ ಇನ್ನೊಂದು ಮಾತು. 2016ರಿಂದ ವಸ್ತುಸಂಗ್ರಹಾಲಯವಾಗಿರುವ ಯಾದವಗಿರಿಯ ಮನೆಯನ್ನು ಉಳಿಸಿಕೊಂಡದ್ದು ಊರಿಗೆ ಹೆಮ್ಮೆಯ ಸಂಗತಿ. ಆದರೆ ಆ ಮನೆ ಎದ್ದದ್ದು 1945ರ ನಂತರ. ನಾರಾಯಣರ ಮೊದಲ ನಾಲ್ಕು ಕಾದಂಬರಿಗಳ ಪಾತ್ರಗಳಾದ ಸ್ವಾಮಿ, ಚಂದ್ರನ್, ಸಾವಿತ್ರಿ, ಕೃಷ್ಣ ಇವರಲ್ಲಿ ಯಾರೂ ಅಲ್ಲಿ ಹುಟ್ಟಿದವರಲ್ಲ. ಅವರ ಮೈಸೂರು ಲಕ್ಷ್ಮೀಪುರ, ಚಾಮರಾಜಪುರಂ ನಿಲ್ದಾಣ, ಕುಕ್ಕರಹಳ್ಳಿ ಕೆರೆ, ಮಹಾರಾಜ ಕಾಲೇಜು, ಮತ್ತು 1941ರಲ್ಲಿ ನಾರಾಯಣ್ ಹೊರತಂದ ‘ಇಂಡಿಯನ್ ಥಾಟ್’ ತ್ರೈಮಾಸಿಕವನ್ನು ಅಚ್ಚು ಹಾಕಿಕೊಟ್ಟ ಚೆಲುವ ಅಯ್ಯಂಗಾರರ ಸಿಟಿ ಪವರ್ ಪ್ರೆಸ್ಸು. ಮುಂದೆ ಈ ಮುದ್ರಕರೇ ನಾರಾಯಣರ ಕಾದಂಬರಿಯ ‘ಮಿಸ್ಟರ್ ಸಂಪತ್’ ಆದರು. ಮನೆ ನೋಡಿ ಹೊರಬರುವ ಮಕ್ಕಳಿಗೆ ಈ ಜಾಗಗಳನ್ನು ತೋರಿಸುವವರು ಬೇಕು.

ಇದೇ ಮಹಾರಾಜ ಕಾಲೇಜಿನಲ್ಲಿ, ಇದೇ ವರ್ಷಗಳಲ್ಲಿ, ಇನ್ನೊಬ್ಬ ಕಾದಂಬರಿಕಾರರು ಓಡಾಡುತ್ತಿದ್ದರು. ಕುವೆಂಪು 1927ರಲ್ಲಿ ಅಲ್ಲಿಂದ ಬಿ.ಎ., 1929ರಲ್ಲಿ ಎಂ.ಎ. ಮುಗಿಸಿ ಅಲ್ಲಿಯೇ ಕನ್ನಡ ಅಧ್ಯಾಪಕರಾದರು. ಆಗ ನಾರಾಯಣ್ ಪದವಿಯ ಕೊನೆಯ ಹಂತದಲ್ಲಿದ್ದರು. ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ಕುವೆಂಪು ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರ ಸಲಹೆಯಂತೆ ಕನ್ನಡಕ್ಕೆ ಹೊರಳಿದರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ ಆಡುತ್ತಿದ್ದ ನಾರಾಯಣ್ ಇಂಗ್ಲಿಷಿನಲ್ಲಿಯೇ ಉಳಿದರು. 1935ರಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’, 1936ರಲ್ಲಿ ‘ಕಾನೂರು ಹೆಗ್ಗಡಿತಿ’. ಒಂದೇ ಕಾಲೇಜಿನ ಎರಡು ಹೊರಳುದಾರಿಗಳನ್ನು ಒಟ್ಟಿಗೆ ಇಟ್ಟು ಬರೆಯಬಲ್ಲ ಕನ್ನಡದ ವಿದ್ವಾಂಸರು ನಮ್ಮಲ್ಲಿ ಖಂಡಿತ ಇದ್ದಾರೆ.

ಕನ್ನಡದ ಕಾದಂಬರಿಕಾರರು ತಮ್ಮ ಬಾಲ್ಯವನ್ನು ತಾವೇ ಬರೆದುಕೊಂಡದ್ದಕ್ಕೆ ಕೊರತೆಯಿಲ್ಲ. ಮಾಸ್ತಿಯವರ ‘ಭಾವ’, ಕಾರಂತರ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’, ಕುವೆಂಪು ಅವರ ‘ನೆನಪಿನ ದೋಣಿಯಲ್ಲಿ’, ಭೈರಪ್ಪನವರ ‘ಭಿತ್ತಿ’, ಇವು ನಮ್ಮ ಭಾಷೆಯ ಸಂಪತ್ತು. ನಮಗೆ ಇನ್ನೂ ಹೆಚ್ಚಾಗಿ ಬೇಕಾಗಿರುವುದು ಇವುಗಳ ಪಕ್ಕದಲ್ಲಿ ನಿಲ್ಲುವ, ಶಾಲೆಯ ದಾಖಲೆ, ಪತ್ರ, ಹಳೆಯ ಪತ್ರಿಕೆ, ನೆರೆಹೊರೆಯವರ ಮಾತು ಎಲ್ಲವನ್ನೂ ಹುಡುಕಿ ಬರೆದ ಜೀವನಚರಿತ್ರೆಗಳು. ಭೈರಪ್ಪನವರ ಕಾದಂಬರಿ ‘ಗೃಹಭಂಗ’ವನ್ನು ‘ಭಿತ್ತಿ’ಯ ಪಕ್ಕದಲ್ಲಿಟ್ಟು ಓದುವವರು ಬಹಳ ಮಂದಿ. ಅವುಗಳಲ್ಲಿ ಬರುವ, ಪ್ಲೇಗು ಹೊಕ್ಕ ವರ್ಷಗಳ ತಾಲ್ಲೂಕು ಕಡತಗಳನ್ನೂ ಅವೆರಡರ ಜೊತೆಗಿಟ್ಟು ಓದುವವರು ಬರಬೇಕು.

ಆದರೆ ಆ ಕಡತಗಳು ಉಳಿದಿರಬೇಕಲ್ಲ! ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ನಾನು ಕೆಲಸದಲ್ಲಿದ್ದ ಒಂದು ಹಳೆಯ ಶಾಲೆಯಲ್ಲಿ ಕಂಪ್ಯೂಟರ್ ಕೊಠಡಿಗೆ ಜಾಗ ಮಾಡಲು ಹಿಂದಿನ ಕೋಣೆಯೊಂದನ್ನು ಖಾಲಿ ಮಾಡಿಸಲಾಯಿತು. ಒಂದು ಮಧ್ಯಾಹ್ನ ಪಾಠ ಮುಗಿಸಿ ಬರುವಷ್ಟರಲ್ಲಿ ಗುಜರಿಯವನ ಕೈಗಾಡಿ ಅಂಗಳದಲ್ಲಿ ನಿಂತಿತ್ತು. ತಕ್ಕಡಿಯಲ್ಲಿ ತೂಗುತ್ತಿದ್ದದ್ದು 1920ರ ದಶಕದಿಂದ ಮುಂದಿನ ಅಡ್ಮಿಷನ್ ರಿಜಿಸ್ಟರುಗಳು, ಹಾಜರಿ ಪುಸ್ತಕಗಳು, ಶಾಲಾ ಕೈಬರಹ ಪತ್ರಿಕೆಯ ಕಟ್ಟುಗಳು. ಯಾರನ್ನು ಕೇಳಿದರೂ ಮೇಲಿನವರ ಅಪ್ಪಣೆಯಾಗಿದೆ ಎಂದರು. ನನ್ನ ಕೈಗೆ ಸಿಕ್ಕಿದ್ದು ಒಂದೇ ಒಂದು ರಿಜಿಸ್ಟರು. ತೂಕದ ದುಡ್ಡನ್ನು ಗುಜರಿಯವನಿಗೇ ಕೊಟ್ಟು ಬಿಡಿಸಿಕೊಂಡೆ. ಕೆಂಪು ಬಟ್ಟೆಯ ಬೈಂಡು, ಗೆದ್ದಲು ತಿಂದ ಬೆನ್ನು, ಒಳಗೆ ನೇರಳೆ ಬಣ್ಣಕ್ಕೆ ತಿರುಗಿದ ಶಾಯಿಯಲ್ಲಿ ಸಾಲು ಸಾಲು ಹೆಸರು. ಹುಡುಗನ ಊರು, ತಂದೆಯ ಕಸುಬು, ಸೇರಿದ ದಿನ, ಬಿಟ್ಟ ದಿನ, ಬಿಟ್ಟದ್ದಕ್ಕೆ ಕಾರಣ. ಕಾರಣದ ಕಲಮಿನಲ್ಲಿ ‘ಊರಿಗೆ ಹೋದ’, ‘ಫೀಜು ಬಾಕಿ’, ‘ಮರಣ’ ಎಂಬ ಒಂದೆರಡು ಪದಗಳು. ಆ ಹೆಸರುಗಳಲ್ಲಿ ಮುಂದೆ ಯಾರಾದರೂ ಬರೆಯುವವರಾದರೋ ಇಲ್ಲವೋ, ನನಗೆ ತಿಳಿಯದು. ತೂಕಕ್ಕೆ ಹೋದ ಉಳಿದ ರಿಜಿಸ್ಟರುಗಳಲ್ಲಿ ಯಾರಿದ್ದರು ಎಂಬುದು ಇನ್ನು ಯಾರಿಗೂ ತಿಳಿಯುವುದಿಲ್ಲ. ನಾರಾಯಣರ ಕಾಗದಪತ್ರಗಳ ಒಂದು ಸಂಗ್ರಹ ಅಮೆರಿಕದ ಬೋಸ್ಟನ್ ವಿಶ್ವವಿದ್ಯಾಲಯದಲ್ಲಿ ಜೋಪಾನವಾಗಿದೆ ಎಂದು ಓದಿದಾಗಲೆಲ್ಲ ನನಗೆ ಆ ಕೈಗಾಡಿ ನೆನಪಾಗುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಮಾಲ್ಗುಡಿಯ ಹೆಸರು ಮತ್ತು ವಿಜಯದಶಮಿಯನ್ನು ಕುರಿತ ಎರಡು ಮಾತುಗಳಿಗೆ ಪುರವಣಿಯಲ್ಲಿ ಒಂದು ಸಣ್ಣ ಟಿಪ್ಪಣಿ ಹಾಕಿರಿ. ಸೂಸನ್ ರಾಮ್ ಮತ್ತು ಎನ್. ರಾಮ್ ಬರೆದ ಜೀವನಚರಿತ್ರೆಯನ್ನು ಕನ್ನಡದ ಓದುಗರಿಗೆ ಪರಿಚಯಿಸುವ ಲೇಖನವೊಂದನ್ನು ತಿಳಿದವರಿಂದ ಬರೆಸಿರಿ. ಅದು ಪೂರ್ತಿಯಾಗಿ ಕನ್ನಡದಲ್ಲಿ ಓದಲು ಸಿಗುವಂತಾದರೆ ಇನ್ನೂ ಸಂತೋಷ. ಮತ್ತು ನಮ್ಮ ಲೇಖಕರ ಎಳೆಯ ವರ್ಷಗಳಿಗೆ ಸಂಬಂಧಿಸಿದ ಪತ್ರ, ಭಾವಚಿತ್ರ, ಶಾಲಾ ದಾಖಲೆಗಳು ಯಾರ ಮನೆಯ ಅಟ್ಟದಲ್ಲಿ, ಯಾವ ಶಾಲೆಯ ಹಿಂದಿನ ಕೋಣೆಯಲ್ಲಿ ಇದ್ದರೂ ಅವನ್ನು ಗುಜರಿಗೆ ಹಾಕುವ ಮೊದಲು ತಮ್ಮ ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ ಎಂದು ಓದುಗರನ್ನು ಕೇಳಿಕೊಳ್ಳಿರಿ. ಪತ್ರಿಕೆ ಕೇಳಿದರೆ ಜನ ಕೊಡುತ್ತಾರೆ.

ನನ್ನಲ್ಲಿರುವ ರಿಜಿಸ್ಟರನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಬೇವಿನ ಎಲೆ ಇಟ್ಟು, ದೇವರ ಮನೆಯ ಪಕ್ಕದ ಕಪಾಟಿನಲ್ಲಿ ಇಟ್ಟಿದ್ದೇನೆ. ಅದನ್ನು ಸರಿಯಾಗಿ ಕಾಪಾಡಬಲ್ಲ ಯಾವುದೇ ಗ್ರಂಥಾಲಯದವರು ತಮ್ಮ ಮೂಲಕ ತಿಳಿಸಿದರೆ ನಾನೇ ತಂದು ಒಪ್ಪಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಹೈಸ್ಕೂಲು ಅಧ್ಯಾಪಕ,
ಮೈಸೂರು